ಮನೆಗೆ ಹೋದ ಮೇಲೆ ಏನಾಯಿತು ಅಂತ ಕೇಳಿ

ಕೇಳುಗರಿಗೆ ನಮಸ್ಕಾರ. ಲಕ್ವ ಹೊಡೆದವರು, ಅಪಘಾತದಲ್ಲಿ ಕಾಲು ಕಳೆದುಕೊಂಡವರು ಫಿಸಿಯೋಥೆರಪಿ ಮುಗಿಸಿ ಹೊರಡುವಾಗ ಎಷ್ಟೋ ಆಸ್ಪತ್ರೆಗಳಲ್ಲಿ ಒಂದು ಫಾರ್ಮ್ ಕೊಡುತ್ತಾರೆ. ವಾರ್ಡು ಚೊಕ್ಕಟವಾಗಿತ್ತಾ, ಸಿಬ್ಬಂದಿ ಚೆನ್ನಾಗಿ ಮಾತಾಡಿಸಿದರಾ? ರೋಗಿಗಳು ಎಲ್ಲದಕ್ಕೂ ಹೌದು ಅಂತ ಟಿಕ್ ಹಾಕಿ ಕೊಡುತ್ತಾರೆ. ನಾಳೆ ಮತ್ತೆ ಅದೇ ಡಾಕ್ಟರ ಹತ್ತಿರ ಬರಬೇಕು, ಅಲ್ವಾ? ಆ ಫಾರ್ಮಿನಿಂದ ಚಿಕಿತ್ಸೆ ಸುಧಾರಿಸುತ್ತದೆ ಅಂತ ನನಗಂತೂ ಅನಿಸುವುದಿಲ್ಲ.

ಜೈಪುರ ಕಾಲು ಅನ್ನುವ ಕೃತಕ ಕಾಲಿನ ವಿಷಯ ನೋಡಿ. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇಥಿ ಎಂಬ ಮೂಳೆ ತಜ್ಞರಿದ್ದರು. ಆಗ ಸಿಗುತ್ತಿದ್ದದ್ದು ವಿದೇಶಿ ಮಾದರಿಯ ಕೃತಕ ಕಾಲು, ಅದಕ್ಕೆ ಬೂಟು ಬೇಕೇ ಬೇಕು. ತೊಡಿಸಿ ಕಳಿಸಿದವರಲ್ಲಿ ಎಷ್ಟೋ ಜನ ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಹೇಳಿದ ಮಾತು ಕೇಳುವುದಿಲ್ಲ ಅಂತ ಬೈದು ಸುಮ್ಮನಾಗಬಹುದಿತ್ತು. ಸೇಥಿ ಕಾರಣ ಹುಡುಕಿದರು. ಆ ಕಾಲಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣಲು ಆಗುವುದಿಲ್ಲ, ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ, ನೀರು ಹಾಯಿಸಿದ ಹೊಲಕ್ಕೆ ಇಳಿಯುವ ಹಾಗಿಲ್ಲ, ದೇವಸ್ಥಾನದೊಳಗೆ ಬೂಟು ಹಾಕಿಕೊಂಡು ಹೋಗುವ ಹಾಗಂತೂ ಇಲ್ಲವೇ ಇಲ್ಲ. ಆಮೇಲೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿಯ ಜೊತೆ ಸೇರಿ, ಬರಿಗಾಲಲ್ಲೇ ನಡೆಯಬಹುದಾದ, ಎಲ್ಲ ಕಡೆಗೂ ಬಾಗುವ ರಬ್ಬರ್ ಪಾದ ತಯಾರಿಸಿದರು. ಅದೇ ಜೈಪುರ ಕಾಲು. 1981ರಲ್ಲಿ ಸೇಥಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಮೂಲೆಗಿಟ್ಟ ಕಾಲು ಇದೆಯಲ್ಲ, ನನ್ನ ಪ್ರಕಾರ ಅದೇ ನಿಜವಾದ ರೋಗಿಯ ಅಭಿಪ್ರಾಯ.

ಇವತ್ತಿಗೂ ಸಮಸ್ಯೆ ಅದೇ. ಆಸ್ಪತ್ರೆಯಲ್ಲಿ ನುಣುಪು ನೆಲದ ಮೇಲೆ, ಕಂಬಿ ಹಿಡಿಸಿ ನಡೆಸುತ್ತಾರೆ. ಮನೆಯಲ್ಲಿ ಎತ್ತರದ ಹೊಸ್ತಿಲು, ಒದ್ದೆ ಬಚ್ಚಲು, ಕುಕ್ಕರುಗಾಲಲ್ಲಿ ಕೂರುವ ಕಕ್ಕಸು. ಆದ್ದರಿಂದ ರೋಗಿ ಮನೆಗೆ ಹೋಗಿ ಒಂದೆರಡು ತಿಂಗಳಾದ ಮೇಲೆ ಆಸ್ಪತ್ರೆಯಿಂದ ಫೋನ್ ಮಾಡಿ ಕೇಳಬೇಕು: ಯಾವ ಕೆಲಸ ಇನ್ನೂ ಆಗುತ್ತಿಲ್ಲ? ಚಿಕಿತ್ಸೆ ಕೊಟ್ಟವರೇ ಕೇಳಿದರೆ ದಾಕ್ಷಿಣ್ಯಕ್ಕೆ ಚೆನ್ನಾಗಿದ್ದೇನೆ ಅಂದುಬಿಡುತ್ತಾರೆ, ಬೇರೆಯವರು ಕೇಳಲಿ. ದಿನಾ ಎತ್ತಿ ಕೂರಿಸುವ ಹೆಂಡತಿಯನ್ನೋ ಸೊಸೆಯನ್ನೋ ಕೂಡ ಕೇಳಲಿ, ಅವರ ಸೊಂಟ ಹೇಗಿದೆ ಅಂತ. ಲಕ್ವದಿಂದ ಮಾತು ನಿಂತವರನ್ನು ಮಾತ್ರ ಯಾರೂ ಕೇಳುವುದೇ ಇಲ್ಲ, ಮಗನೇ ಉತ್ತರ ಕೊಟ್ಟುಬಿಡುತ್ತಾನೆ. ಇದು ನನಗೆ ತುಂಬಾ ಬೇಜಾರಾಗುವ ವಿಷಯ. ಚಿತ್ರ ತೋರಿಸಿ, ತಲೆಯಾಡಿಸಿದರೆ ಸಾಕು ಅನ್ನುವ ಹಾಗೆ ನಿಧಾನವಾಗಿ ಕೇಳಿದರೆ, ಎಷ್ಟೋ ಜನ ತಾವೇ ಉತ್ತರ ಕೊಡುತ್ತಾರೆ.

ಬಂದ ಉತ್ತರದಿಂದ ವಾರ್ಡಿನಲ್ಲಿ ಏನಾದರೂ ಬದಲಾಗಬೇಕು. ಹೊಸ್ತಿಲು ದಾಟಲು ಆಗುತ್ತಿಲ್ಲ ಅಂತ ನಾಲ್ಕು ಜನ ಹೇಳಿದರೆ, ವಾರ್ಡಿನಲ್ಲೇ ಒಂದು ಹೊಸ್ತಿಲು ಮಾಡಿಸಿ ಐದನೆಯವರಿಗೆ ಅಲ್ಲೇ ದಾಟಿಸಿ ಕಲಿಸಲಿ. ಖರ್ಚೇನೂ ಜಾಸ್ತಿ ಇಲ್ಲ.

ನೀವೂ ಅಷ್ಟೇ, ಮುಂದಿನ ಸಲ ತೋರಿಸಲು ಹೋದಾಗ ಯಾವ ವ್ಯಾಯಾಮ ಬಿಟ್ಟಿದ್ದೀರಿ, ಯಾಕೆ ಬಿಟ್ಟಿರಿ ಅಂತ ಹೇಳಿ. ಅವರು ಕೇಳದಿದ್ದರೂ ಹೇಳಿ. ನಮಸ್ಕಾರ.