ನಾಣ್ಯಕ್ಕೆ ಯಾವ ಲೋಹ?

ಕೇಳುಗರಿಗೆ ನಮಸ್ಕಾರ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಮನೆಗಳಲ್ಲಿ ಅಡಿಕೆ ಸುಲಿಯುತ್ತಲೋ ಬೀಡಿ ಕಟ್ಟುತ್ತಲೋ ರೇಡಿಯೊ ಕೇಳುತ್ತಿರುವ ನಿಮಗೆ ಇವತ್ತು ನಾನು ಹೇಳುವುದು ಒಂದೇ ಮಾತು. ನಾಣ್ಯದ ಲೋಹ ಅದರ ಮೇಲೆ ಬರೆದ ಬೆಲೆಗಿಂತ ಅಗ್ಗವಾಗಿರಬೇಕು. ಲೋಹ ದುಬಾರಿಯಾಯಿತೋ, ನಾಣ್ಯ ಪೇಟೆಯಿಂದ ಮಾಯವಾಗಿ ಕುಲುಮೆ ಸೇರುತ್ತದೆ.

ಕುಂಬಳೆ ಹತ್ತಿರದ ಶಾಲೆಯೊಂದರಲ್ಲಿ ನಾನು ಇದನ್ನೇ ಹೇಳಿದ್ದೆ. ಮರುದಿನ ಒಬ್ಬಳು ಹುಡುಗಿ ತನ್ನ ಅಜ್ಜಿಯನ್ನೇ ಕರೆದುಕೊಂಡು ಬಂದಳು. ಅಜ್ಜಿಯ ಸೆರಗಿನ ಗಂಟಿನಲ್ಲಿ ರಾಜನ ತಲೆಯಿರುವ ರೂಪಾಯಿಗಳು: 1918ರದ್ದು, 1945ರದ್ದು, 1947ರದ್ದು.

"ಎಲ್ಲ ಬೆಳ್ಳಿ ಮಾಷ್ಟ್ರೇ, ಇವಳ ಕಾಲ್ಗೆಜ್ಜೆಗೆ ಇಟ್ಟದ್ದು."

ನಾನು ಅಯಸ್ಕಾಂತ ಹಿಡಿದೆ. ಮೊದಲೆರಡು ಕದಲಲಿಲ್ಲ. 1947ರದ್ದು ಟಕ್ಕೆಂದು ಅಂಟಿತು! ಅದು ಪೂರ್ತಿ ನಿಕಲ್. ಅಜ್ಜಿ ಅಯಸ್ಕಾಂತವನ್ನು ತಾವೇ ತೆಗೆದುಕೊಂಡು ಮತ್ತೆ ಮತ್ತೆ ಹಿಡಿದು ನೋಡಿದರು.

1918ರ ರೂಪಾಯಿಯಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಎರಡನೇ ಮಹಾಯುದ್ಧ ಬಂತು, ಜನ ಬೆಳ್ಳಿ ರೂಪಾಯಿಯನ್ನು ಕೂಡಿಡತೊಡಗಿದರು, 1940ರಲ್ಲಿ ಸರಕಾರ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ಅಮೆರಿಕದಿಂದ ಬೆಳ್ಳಿಯನ್ನು ಸಾಲ ತಂದದ್ದೂ ಆಯಿತು. ಆ ಸಾಲವನ್ನು ಬೆಳ್ಳಿಯಲ್ಲೇ ತೀರಿಸಬೇಕಿತ್ತು, ಹಾಗಾಗಿ ನಿಕಲ್ ಬಂತು. ತಾಮ್ರ ಉಳಿಸುವುದಕ್ಕೆ 1943ರಲ್ಲಿ ಕಾಸಿನ ನಡುವೆ ತೂತು ಬಿಟ್ಟದ್ದು ಹಿರಿಯರಿಗೆ ನೆನಪಿರಬಹುದು.

"ಹಾಗಾದರೆ ರಾಜ ಮೋಸ ಮಾಡಿದನಾ?" ಅಂತ ಅಜ್ಜಿ ಕೇಳಿದರು.

"ಇಲ್ಲ ಅಜ್ಜೀ, ಚಲಾವಣೆಯಲ್ಲಿದ್ದಾಗ ಅಂಗಡಿಯಲ್ಲಿ ಯಾವುದನ್ನು ಕೊಟ್ಟರೂ ಸಿಗುತ್ತಿದ್ದದ್ದು ಒಂದು ರೂಪಾಯಿಯ ಅಕ್ಕಿಯೇ." ನಾನು ಹೇಳುತ್ತಿರುವುದೂ ಅದನ್ನೇ. ಬೆಲೆ ಇರುವುದು ಅಂಕಿಯಲ್ಲಿ, ಲೋಹ ಅಗ್ಗವಾಗಿರಬೇಕು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1957ರ ಒಂದು ನಯಾಪೈಸೆ ಕಂಚಿನದು. 1960ರ ದಶಕದಲ್ಲಿ ಪೈಸೆ ಅಲ್ಯೂಮಿನಿಯಂ ಆಯಿತು. 1988ರಲ್ಲಿ ಪಾವಲಿಗೆ, ಅಂದರೆ 25 ಪೈಸೆಗೆ, ಸ್ಟೀಲ್ ಬಂತು, 1992ರಲ್ಲಿ ರೂಪಾಯಿಗೂ. 9 ಗ್ರಾಂ ತೂಗುತ್ತಿದ್ದ ಐದು ರೂಪಾಯಿಯ ದಪ್ಪ ತಾಮ್ರ-ನಿಕಲ್ ನಾಣ್ಯದ ಜಾಗಕ್ಕೂ 2007ರಲ್ಲಿ ಹಗುರ ಸ್ಟೀಲ್ ಬಂತು. ಲೋಹ ಅಗ್ಗವಾಗಿರಬೇಕು, ಅಷ್ಟೆ.

ಇನ್ನು ಹತ್ತು ರೂಪಾಯಿಯ ನಾಣ್ಯ. ಹಳದಿ ಉಂಗುರದೊಳಗೆ ಬಿಳಿ ಲೋಹ. ಹೀಗೆ ಎರಡು ಲೋಹ ಕೂಡಿಸಿದರೆ ನಕಲು ಮಾಡುವುದು ಕಷ್ಟ. ಚಿತ್ರ ಬೇರೆಯಿದೆ ಎಂದು ಕೆಲವು ಅಂಗಡಿಯವರು ಇದನ್ನು ಈಗಲೂ ಬೇಡ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿಯವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯವೇ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಕೊಟ್ಟರೆ ತೆಗೆದುಕೊಳ್ಳಿ. ನಮಸ್ಕಾರ.