ಪಾಯಾಸಿಯ ನುಚ್ಚು, ಲಕ್ಕಮ್ಮನ ಅಕ್ಕಿ

ಅಧ್ಯಕ್ಷರೆ, ಹಿರಿಯರೆ, ತಾಯಂದಿರೆ, ಗೆಳೆಯರೆ,

ಹೋದ ಸಲದ ಉಪನ್ಯಾಸ ಮುಗಿದು ಪ್ರಶ್ನೋತ್ತರ ನಡೆಯುವಾಗ ಹಿರಿಯರೊಬ್ಬರು ಎದ್ದು ನಿಂತು ಕೇಳಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. "ಸತ್ತ ಮೇಲೆ ಏನೂ ಇಲ್ಲ ಅಂತ ಮಕ್ಕಳ ತಲೆಗೆ ಹೋಗಿಬಿಟ್ಟರೆ, ನಾಳೆ ಯಾರು ನಿಜ ಹೇಳ್ತಾರೆ? ದೇವರ ಮುಂದೆ ದೀಪ ಯಾರು ಹಚ್ತಾರೆ?" ಅವರು ವಾದಕ್ಕೆ ನಿಂತಿರಲಿಲ್ಲ. ಮೊಮ್ಮಕ್ಕಳನ್ನು ನೆನೆದು ನಿಜವಾಗಿ ಕಳವಳಪಟ್ಟು ಕೇಳಿದರು. ಕಳವಳಕ್ಕೆ ಚಪ್ಪಾಳೆ ಗಿಟ್ಟಿಸುವ ಉತ್ತರ ಕೊಡಬಾರದು, ನಿಧಾನವಾಗಿ ಕೂತು ಮಾತಾಡಬೇಕು. ಸಂಘಟಕರು ಇವತ್ತು ಅದಕ್ಕೇ ನನ್ನನ್ನು ಕರೆದಿದ್ದಾರೆ.

ನನಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪರಲೋಕ ಇದೆಯೋ ಇಲ್ಲವೋ ಎಂಬ ತೀರ್ಪು ಕೊಡಲು ನಾನು ಬಂದಿಲ್ಲ. ಆದರೆ ಮನುಷ್ಯರ ಒಳ್ಳೆಯತನವನ್ನು ಈವರೆಗೆ ಹೊತ್ತು ನಿಂತದ್ದು ಆ ನಂಬಿಕೆ ಎಂದು ನನಗೆ ಅನ್ನಿಸುವುದಿಲ್ಲ. ಎದುರಿಗಿರುವವರ ಮುಖ ನೋಡಬಲ್ಲವರು ಒಳ್ಳೆಯವರಾಗುತ್ತಾರೆ. ಮುಖ ನೋಡದವರಿಗೆ ಸ್ವರ್ಗ ತೋರಿಸಿದರೂ ಅಷ್ಟೆ, ನರಕ ತೋರಿಸಿದರೂ ಅಷ್ಟೆ.

ನಮ್ಮ ನಾಡಿನ ಕಲ್ಲುಗಳಿಂದಲೇ ಶುರು ಮಾಡೋಣ. ಹಲ್ಮಿಡಿ ಶಾಸನ ಎಲ್ಲರಿಗೂ ಗೊತ್ತು, ಸುಮಾರು ಕ್ರಿ.ಶ. 450ರದು, ಶಾಲೆಯಲ್ಲಿ ಓದಿದ್ದೇವೆ. ಒಬ್ಬ ವೀರನಿಗೆ ಭೂಮಿ ಕೊಟ್ಟ ಸಂಗತಿ ಅದರಲ್ಲಿದೆ, ಕೊನೆಯಲ್ಲಿ ಇದನ್ನು ಅಳಿಸಿದವನಿಗೆ "ಮಹಾಪಾತಕಂ" ಎಂಬ ಎಚ್ಚರಿಕೆಯೂ ಇದೆ. ಕನ್ನಡ ಕಲ್ಲಿನ ಮೇಲೆ ಮಾತಾಡಲು ಕಲಿತ ಕಾಲಕ್ಕೇ ಪಾಪದ ಹೆದರಿಕೆಯನ್ನೂ ಹಾಕಿದೆ. ಮುಂದಿನ ಸಾವಿರ ವರ್ಷ ಈ ಬೆದರಿಕೆ ಬೆಳೆಯುತ್ತಲೇ ಹೋಯಿತು. ದಾನದ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎನ್ನುವ ಶ್ಲೋಕ ಎಷ್ಟು ಶಾಸನಗಳಲ್ಲಿದೆಯೋ! ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟುತ್ತದೆ ಎನ್ನುವುದಂತೂ ಹಳ್ಳಿ ಹಳ್ಳಿಯ ಕಲ್ಲಿನಲ್ಲಿದೆ.

ಈಗ ನನ್ನದೊಂದು ಪ್ರಶ್ನೆ. ಅರವತ್ತು ಸಾವಿರ ವರ್ಷದ ನರಕವೇ ಸಾಕಾಗಿದ್ದರೆ, ಅದೇ ಶಾಸನಗಳಲ್ಲಿ ಸಾಕ್ಷಿಗಳು ಯಾಕೆ ಬೇಕಿತ್ತು? ಮೂಡಲಿಗೆ ಇಂಥ ಹುಣಿಸೆಮರ, ಪಡುವಲಿಗೆ ಇಂಥ ಹಳ್ಳ ಅಂತ ಎಲ್ಲೆಯನ್ನು ಯಾಕೆ ಬರೆಸಿದರು? ಹಲ್ಮಿಡಿಯಲ್ಲೇ ನೋಡಿ. ಸೇಂದ್ರಕ, ಬಾಣ ಎಂಬ ಎರಡೂ ನಾಡುಗಳ ವೀರರ "ಸಮಕ್ಷದೆ" ಕೊಟ್ಟದ್ದು ಅಂತ ಬರೆದಿದೆ. ಸಮಕ್ಷ ಮೊದಲು ಬರುತ್ತದೆ, ಮಹಾಪಾತಕ ಆಮೇಲೆ. ಕಲ್ಲು ನಿಲ್ಲಿಸಿದವರು ಲೋಕ ಬಲ್ಲವರು. ಭೂಮಿಯನ್ನು ಕಾಯುವುದು ಊರವರ ಕಣ್ಣು ಅಂತ ಅವರಿಗೆ ತಿಳಿದಿತ್ತು. ಆ ಕಣ್ಣು ಎಲ್ಲಿ ಮುಚ್ಚಿತೋ ಅಲ್ಲಿ ಶಾಪ ಹೊತ್ತ ಕಲ್ಲೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಾಯಿತು. ಅಂಥವನ್ನು ಮಗುಚಿ, ತೊಳೆದು, ಓದಿದವರು ಈ ಸಭೆಯಲ್ಲೂ ಕೂತಿದ್ದಾರೆ.

ಪರಲೋಕದ ಆಸೆ ಇನ್ನೊಂದು ಕೆಲಸವನ್ನೂ ಮಾಡಿದೆ. ವೀರಗಲ್ಲುಗಳನ್ನು ನೆನಪು ಮಾಡಿಕೊಳ್ಳಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲಿನ ಪಟ್ಟಿಯಲ್ಲಿ ಅವನು ದೇವರ ಸನ್ನಿಧಿಯಲ್ಲಿ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಅಂತ ಕೆಳಗೆ ಶ್ಲೋಕ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಮೇಲೆ ನನಗೆ ಗೌರವ ಇದೆ. ಆದರೆ ತುರು ಕದಿಯಲು ಬಂದು ಸತ್ತವನಿಗೂ ಅವನ ಊರಿನವರು ಇದೇ ಅಪ್ಸರೆಯರನ್ನು ಕೊಟ್ಟಿದ್ದರೆ ಯಾರು ತಡೆಯುತ್ತಿದ್ದರು? ಸ್ವರ್ಗದ ಆಸೆ ಹುರಿದುಂಬಿಸುತ್ತದೆ ನಿಜ, ಯಾವುದಕ್ಕೆ ಅನ್ನುವುದನ್ನು ಅದು ಕೇಳುವುದಿಲ್ಲ.

ಈಗ ನನಗೆ ತುಂಬ ಪ್ರಿಯವಾದ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಬೇಕು. ಪಾಲಿ ಭಾಷೆಯ ಬೌದ್ಧ ಗ್ರಂಥ ದೀಘನಿಕಾಯದಲ್ಲಿ ಪಾಯಾಸಿ ಸುತ್ತ, ಅಂದರೆ ಪಾಯಾಸಿಯ ಸೂತ್ರ, ಅಂತ ಇದೆ. ಕೋಸಲ ದೇಶದ ಸೇತವ್ಯ ಎಂಬ ಊರು, ಅದನ್ನು ದೊರೆ ಪ್ರಸೇನಜಿತನಿಂದ ಪಡೆದು ಆಳುತ್ತಿದ್ದವನು ಪಾಯಾಸಿ. ಪರಲೋಕ ಇಲ್ಲ, ಪುಣ್ಯಪಾಪಕ್ಕೆ ಫಲ ಇಲ್ಲ ಅನ್ನುವುದು ಅವನ ಖಚಿತ ಮತ. ಬಾಯಿಮಾತಿನ ಮತವಲ್ಲ, ಪರೀಕ್ಷೆ ಮಾಡಿ ನೋಡಿದವನು! ಊರಿಗೆ ಬಂದ ಕುಮಾರ ಕಶ್ಯಪ ಎಂಬ ಭಿಕ್ಷುವಿನ ಮುಂದೆ ತನ್ನ ಪರೀಕ್ಷೆಗಳನ್ನು ಒಂದೊಂದಾಗಿ ಇಡುತ್ತಾನೆ.

ಪಾಯಾಸಿ ಹೇಳುತ್ತಾನೆ: ನನ್ನ ನಂಟರಲ್ಲಿ ಪಾಪ ಮಾಡಿದವರು ಸಾಯುವಾಗ ಹೇಳಿ ಕಳಿಸಿದೆ, ನರಕ ಇದ್ದರೆ ಬಂದು ತಿಳಿಸಿ ಅಂತ. ಹೂಂ ಅಂದವರು ಒಬ್ಬರೂ ಬರಲಿಲ್ಲ. ಕಶ್ಯಪ ಹೇಳುತ್ತಾನೆ: ಹಿಡಿದು ತಂದ ಕಳ್ಳ, ಮನೆಗೆ ಹೋಗಿ ನಂಟರನ್ನು ನೋಡಿ ಬರುತ್ತೇನೆ ಅಂದರೆ ನಿನ್ನ ಭಟರು ಬಿಡುತ್ತಾರೆಯೆ? ಸರಿ, ಪುಣ್ಯವಂತರಿಗೂ ಹೇಳಿದ್ದೆ, ಅವರೂ ಬರಲಿಲ್ಲವಲ್ಲ? ಹೇಸಿಗೆಯ ಗುಂಡಿಯಿಂದ ಎತ್ತಿ, ಮೀಯಿಸಿ, ಹೂ ಮುಡಿಸಿದವನು ಮತ್ತೆ ಗುಂಡಿಗೆ ಇಳಿಯುತ್ತಾನೆಯೆ? ಅದೂ ಅಲ್ಲದೆ ನಮ್ಮ ನೂರು ವರ್ಷ ಅಲ್ಲಿಯವರಿಗೆ ಒಂದು ಹಗಲು ಒಂದು ರಾತ್ರಿ. ಎರಡು ದಿನ ಬಿಟ್ಟು ಹೋದರಾಯಿತು ಅಂದುಕೊಂಡರೂ ಇಲ್ಲಿ ನೀನಿರುವುದಿಲ್ಲ. (ಸಭೆ ನಗುತ್ತಿದೆ, ನಗುವಂಥದ್ದೇ. ಎರಡು ಸಾವಿರ ವರ್ಷದ ಹಿಂದಿನವರೂ ಇಲ್ಲಿ ನಕ್ಕಿರಬೇಕು.)

ಮುಂದಿನದು ನಗುವಂಥದ್ದಲ್ಲ. ಪಾಯಾಸಿ ಒಬ್ಬ ಕಳ್ಳನನ್ನು ಜೀವಂತ ಹಂಡೆಯಲ್ಲಿ ಹಾಕಿಸಿ, ಬಾಯಿಗೆ ಹಸಿ ತೊಗಲು ಬಿಗಿದು, ಮಣ್ಣು ಮೆತ್ತಿಸಿ, ಒಲೆಯ ಮೇಲಿಡಿಸಿದ್ದ. ಸತ್ತ ಮೇಲೆ ಮೆಲ್ಲಗೆ ಬಾಯಿ ತೆರೆಸಿ, ಜೀವ ಹೊರಗೆ ಬರುತ್ತದೆಯೋ ಅಂತ ಬಗ್ಗಿ ನೋಡಿದ್ದ. ಇನ್ನೊಬ್ಬನನ್ನು ಜೀವ ಇರುವಾಗೊಮ್ಮೆ, ಉಸಿರುಗಟ್ಟಿಸಿ ಕೊಂದ ಮೇಲೊಮ್ಮೆ ತೂಗಿಸಿದ್ದ.

ಇಲ್ಲಿಗೆ ಬಂದಾಗ ನಂಬುವ ಗೆಳೆಯರು ನನ್ನನ್ನು ತಡೆಯುತ್ತಾರೆ. "ನೋಡಿದಿರಾ, ಪರಲೋಕ ಇಲ್ಲ ಅಂದವನು ಎಂಥ ಕ್ರೂರಿ!" ತಾಳಿ, ಕಥೆ ಮುಗಿದಿಲ್ಲ. ಕೊನೆಗೆ ಪಾಯಾಸಿ ಒಪ್ಪುತ್ತಾನೆ. ಪರಲೋಕ ಇದೆ, ದಾನಕ್ಕೆ ಫಲ ಇದೆ ಅಂತ ನಂಬುತ್ತಾನೆ. ನಂಬಿ ದಾನ ಶುರು ಮಾಡುತ್ತಾನೆ. ಏನು ದಾನ? ನುಚ್ಚಿನ ಅನ್ನ, ಹುಳಿಗಂಜಿ, ಒರಟು ಬಟ್ಟೆ. ಹಂಚುವ ಕೆಲಸ ಉತ್ತರ ಎಂಬ ಹುಡುಗನದು. ಅವನು ಪ್ರತಿ ಸಲ ಹಂಚಿದ ಮೇಲೆ ಹೀಗೆ ಬೇಡಿಕೊಳ್ಳುತ್ತಿದ್ದ: ಈ ದಾನದಿಂದ ಪಾಯಾಸಿಯ ಸಹವಾಸ ನನಗೆ ಈ ಲೋಕದಲ್ಲಿ ಮಾತ್ರ ಇರಲಿ, ಪರಲೋಕದಲ್ಲಿ ಬೇಡ! ಸುದ್ದಿ ಒಡೆಯನ ಕಿವಿಗೆ ಬಿತ್ತು, ಕರೆಸಿ ಕೇಳಿದ. ಹುಡುಗ ಹೆದರಲಿಲ್ಲ. ನೀವು ಕೊಡಿಸುವ ಊಟವನ್ನು ನೀವು ಕಾಲಲ್ಲಿಯೂ ಮುಟ್ಟಲಾರಿರಿ, ಉಣ್ಣುವ ಮಾತೆಲ್ಲಿ ಬಂತು ಅಂದ. ಆಮೇಲೆ ಒಡೆಯ ತಾನುಣ್ಣುವುದನ್ನೇ ಕೊಡಲು ಹೇಳಿದನಂತೆ.

ನಾನು ಈ ಕಥೆಗೆ ಮತ್ತೆ ಮತ್ತೆ ಹೋಗುವುದು ಇದಕ್ಕೆ. ಪಾಯಾಸಿಯ ನಂಬಿಕೆ ಬದಲಾಯಿತು, ಕಣ್ಣು ಬದಲಾಗಲಿಲ್ಲ. ನಂಬದಿದ್ದಾಗ ಹಂಡೆಯೊಳಗಿನ ಮನುಷ್ಯ ಅವನಿಗೆ ಪರೀಕ್ಷೆಯ ವಸ್ತು. ನಂಬಿದ ಮೇಲೆ ಪಂಕ್ತಿಯಲ್ಲಿ ಕೂತ ಹಸಿದವನು ಪುಣ್ಯದ ಸಾಧನ. ಎರಡು ಸಲವೂ ಎದುರಿಗಿದ್ದವನ ಮುಖ ಅವನು ನೋಡಲಿಲ್ಲ. ಉತ್ತರ ನೋಡಿದ. ಆ ನುಚ್ಚು ಬಾಯಿಗಿಟ್ಟವನ ಮುಖ ಹುಳ್ಳಗಾದದ್ದನ್ನು ಬಡಿಸುವ ಹುಡುಗ ನೋಡದೆ ಇರುತ್ತಾನೆಯೆ? ಸುತ್ತವನ್ನು ಕಟ್ಟಿದವರು ಪರಲೋಕವನ್ನು ನಂಬಿದವರೇ, ನಾನು ಮರೆಮಾಚುವುದಿಲ್ಲ. ಪಾಯಾಸಿಗೆ ಸತ್ತ ಮೇಲೆ ಬರಿದಾದ ವಿಮಾನ, ಅಂದರೆ ದೇವಲೋಕದ ಖಾಲಿ ಅರಮನೆ ಸಿಕ್ಕಿತು, ಉತ್ತರನಿಗೆ ದೇವತೆಗಳ ನಡುವೆ ಜಾಗ ಸಿಕ್ಕಿತು ಅಂತ ಕಥೆ ಮುಗಿಯುತ್ತದೆ. ಅವರೇ ಇಂಥ ಕಥೆ ಹೇಳಿದ್ದಾರೆ ಎನ್ನುವುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕಾಲಾಮರೆಂಬ ಜನರಿಗೆ ಬುದ್ಧ ಹೇಳಿದ ಮಾತೂ ಇದರ ಜೊತೆಗೇ ಬರುತ್ತದೆ: ಪರಲೋಕ ಇದ್ದರೆ ಒಳ್ಳೆಯದೇ ಆಯಿತು, ಇಲ್ಲದಿದ್ದರೂ ಹಗೆಯಿಲ್ಲದ ಮನಸ್ಸಿನವನು ಇಲ್ಲೇ ಸುಖವಾಗಿರುತ್ತಾನೆ.

ಅಕ್ಕಿಯ ಮಾತು ಬಂತಲ್ಲ, ಕಲ್ಯಾಣಕ್ಕೆ ಬನ್ನಿ. ಲಿಂಗಸುಗೂರಿನ ಕಡೆಯ ಅಮರೇಶ್ವರದಿಂದ ಬಂದ ಶರಣ ದಂಪತಿ ಮಾರಯ್ಯ, ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಏನಂದಳು? ನರಕಕ್ಕೆ ಹೋಗ್ತೀರಿ ಅನ್ನಲಿಲ್ಲ. "ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಅಂದಳು. "ಈಸಕ್ಕಿಯಾಸೆ ನಿಮಗೇಕೆ?" ಅಂತ ಕೇಳಿದಳು. ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಅಂತ ಗಂಡನನ್ನು ತಿರುಗಿ ಕಳಿಸಿದಳು. ಹೆಚ್ಚಿನ ಹಿಡಿ ಅಕ್ಕಿ ಇನ್ನೊಬ್ಬರ ಪಾಲು, ಅಷ್ಟೇ ಅವಳ ಲೆಕ್ಕ. ಒಬ್ಬ ಒಡೆಯ ಸ್ವರ್ಗ ಬಯಸಿ ನುಚ್ಚು ಕೊಟ್ಟ, ಒಬ್ಬ ಬಡವಿ ಏನೂ ಬಯಸದೆ ಅಕ್ಕಿ ತಿರುಗಿ ಕಳಿಸಿದಳು.

ಅವಳದೇ ಇನ್ನೊಂದು ವಚನ ಇದೆ, ಇವತ್ತಿನ ವಿಷಯಕ್ಕೆ ಇದಕ್ಕಿಂತ ನೇರವಾದ ಮಾತು ನಮ್ಮ ಭಾಷೆಯಲ್ಲಿ ನನಗೆ ಸಿಕ್ಕಿಲ್ಲ. "ದಾಸೋಹವೆಂಬ ಸೇವೆಯ ಬಿಟ್ಟು ನೀಸಲಾರದೆ ಕೈಲಾಸವೆಂಬ ಆಸೆ ಬೇಡ." ಗಂಡನಿಗೆ ಹೇಳುತ್ತಿದ್ದಾಳೆ ನೋಡಿ! ಲಿಂಗವಿದ್ದ ಠಾವೇ ಕೈಲಾಸ ಅಂತ ಅದು ಮುಗಿಯುತ್ತದೆ. ಶರಣರು ಪರಲೋಕವನ್ನು, ಮರುಹುಟ್ಟನ್ನು ಅಲ್ಲಗಳೆದರು ಅಂತ ನಾನು ಹೇಳುತ್ತಿಲ್ಲ. ಭವದ ಮಾತು ವಚನಗಳ ತುಂಬ ಇದೆ. ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರು ಅಂದರು ಬಸವಣ್ಣ. ಆದರೆ ಯಾವುದು ಮೊದಲು? ಇಲ್ಲಿ ಸಲ್ಲುವುದು. ಆಚಾರವೇ ಸ್ವರ್ಗ, ಅನಾಚಾರವೇ ನರಕ ಅಂದ ಮೇಲೆ ಆಸೆ ತೋರಿಸಲು, ಹೆದರಿಸಲು ದೂರದಲ್ಲಿ ಏನು ಉಳಿಯಿತು?

ಚೀಟಿ ಬಂದಿದೆ, ಹತ್ತು ನಿಮಿಷ ಅಂತ. ಪ್ರಾರ್ಥನೆಯ ವಿಚಾರ ಇನ್ನೂ ಮುಟ್ಟಿಲ್ಲ.

ಪರಲೋಕ ಇಲ್ಲದಿದ್ದರೆ ಯಾರೂ ಪ್ರಾರ್ಥನೆ ಮಾಡುವುದಿಲ್ಲ ಅನ್ನುವವರಿಗೆ ಯೆಹೂದ್ಯರ ಕೀರ್ತನೆಗಳನ್ನು ತೋರಿಸಬೇಕು. ಬೈಬಲ್ಲಿನ ಹಳೆಯ ಒಡಂಬಡಿಕೆಯ ಬಹುಭಾಗದಲ್ಲಿ ಸತ್ತವರಿಗೆ ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಒಳ್ಳೆಯವರು ಕೆಟ್ಟವರು ಎಲ್ಲರೂ ಇಳಿಯುವುದು ಒಂದೇ ಮಂಕಾದ ಪಾತಾಳಕ್ಕೆ. ಆರನೆಯ ಕೀರ್ತನೆಯಲ್ಲಿ ಭಕ್ತ ದೇವರ ಹತ್ತಿರ ಜಗಳವಾಡುತ್ತಾನೆ: ಸತ್ತ ಮೇಲೆ ನಿನ್ನ ನೆನಪೇ ಇರುವುದಿಲ್ಲ, ಪಾತಾಳದಲ್ಲಿ ನಿನ್ನನ್ನು ಹೊಗಳುವವರು ಯಾರು? ಅದಕ್ಕೇ ಈಗ ಉಳಿಸು! ಲೋಕದ ಅತ್ಯಂತ ಆರ್ತವಾದ ಪ್ರಾರ್ಥನೆಗಳಲ್ಲಿ ಹಲವು ಹೀಗೆ ಹುಟ್ಟಿವೆ. ಸತ್ತವರು ಎದ್ದು ಬರುವುದನ್ನು ಒಪ್ಪದ ಸದ್ದುಕಾಯರೆಂಬ ಯೆಹೂದ್ಯ ಪಂಗಡದಲ್ಲಿ ಹೆಚ್ಚಿನವರು ಜೆರುಸಲೇಮಿನ ದೇವಾಲಯದ ಪುರೋಹಿತ ವರ್ಗಕ್ಕೇ ಸೇರಿದವರು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವುವವರೆಗೆ ಅಲ್ಲಿ ಬಲಿಪೂಜೆ ನಡೆದೇ ಇತ್ತು.

ಬಸ್ರಾದ ರಾಬಿಯಾ, ಎಂಟನೆಯ ಶತಮಾನದ ಸೂಫಿ ತಾಯಿ, ನರಕದ ಭಯದಿಂದ ನಿನ್ನನ್ನು ಪೂಜಿಸಿದರೆ ನನ್ನನ್ನು ನರಕದಲ್ಲೇ ಸುಡು, ಸ್ವರ್ಗದ ಆಸೆಯಿಂದ ಪೂಜಿಸಿದರೆ ಅದರ ಬಾಗಿಲು ಮುಚ್ಚು ಅಂದಳು ಅಂತ ಪರಂಪರೆ ಹೇಳುತ್ತದೆ. ಸ್ವರ್ಗವನ್ನೇ ಪರಮ ಅಂದುಕೊಂಡವರನ್ನು ಗೀತೆಯ ಎರಡನೆಯ ಅಧ್ಯಾಯ ಅವಿವೇಕಿಗಳು ಅಂದಿತು, ವಿವರಿಸಲು ಹೊತ್ತಿಲ್ಲ. ನಮ್ಮ ಮನೆಗಳಲ್ಲೇ ನೋಡಿ. ಸಂಜೆ ದೀಪ ಹಚ್ಚುವ ತಾಯಿ ಮೋಕ್ಷ ಕೇಳುತ್ತಾಳೆಯೆ? ಮಗಳ ಜ್ವರ ಇಳಿಯಲಿ, ಹೊರಗೆ ಹೋದವರು ಕ್ಷೇಮವಾಗಿ ಮನೆ ಸೇರಲಿ ಅನ್ನುತ್ತಾಳೆ. ಎಷ್ಟೋ ದಿನ ಏನನ್ನೂ ಕೇಳುವುದಿಲ್ಲ, ಸುಮ್ಮನೆ ಕೈ ಮುಗಿಯುತ್ತಾಳೆ. ಆ ಕೈಮುಗಿತಕ್ಕೆ ಪರಲೋಕದ ಆಸರೆ ಬೇಕೇ ಬೇಕು ಅಂತ ನನಗೆ ಅನ್ನಿಸಿಲ್ಲ.

ದೇವರನ್ನೇ ನಂಬದವರ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಆಂಧ್ರದ ಗೋರಾ, ಗೋಪರಾಜು ರಾಮಚಂದ್ರ ರಾವ್, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ಅಸ್ಪೃಶ್ಯತೆಯ ವಿರುದ್ಧ ಬದುಕನ್ನೇ ತೇದರು, ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಟ್ಟರು. ಆ ಮದುವೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳಿಸಲು, ದಿನವೂ ಪ್ರಾರ್ಥನಾ ಸಭೆ ನಡೆಸುತ್ತಿದ್ದ ಗಾಂಧಿ ಒಪ್ಪಿದ್ದರು. ಮದುವೆಯ ಹೊತ್ತಿಗೆ ಗಾಂಧಿ ಬದುಕಿರಲಿಲ್ಲ. ಒಬ್ಬರು ಪ್ರಾರ್ಥಿಸುವವರು, ಇನ್ನೊಬ್ಬರು ಪ್ರಾರ್ಥಿಸದವರು. ಎದುರಿಗಿರುವವರ ಮುಖ ಇಬ್ಬರೂ ನೋಡಿದರು.

ಕೊನೆಯದು. ಇದನ್ನು ಬಿಟ್ಟು ಇಳಿದುಹೋದರೆ ನಾನು ಪ್ರಾಮಾಣಿಕನಲ್ಲ. ಪರಲೋಕ ಹೋದರೆ ನೀತಿ ಹೋಗುವುದಿಲ್ಲ, ಪ್ರಾರ್ಥನೆ ಹೋಗುವುದಿಲ್ಲ, ಆದರೆ ಒಂದು ಸಾಂತ್ವನ ಹೋಗುತ್ತದೆ. ಶರಣರಾದ ಹರಳಯ್ಯ, ಮಧುವರಸರು ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಎಳೆಹೂಟೆಯಲ್ಲಿ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆಯಲ್ಲಿ, ಸತ್ತರು ಅಂತ ಕಲ್ಯಾಣದ ಪರಂಪರೆ ಹೇಳುತ್ತದೆ. ಅವರು ಕೈಲಾಸ ಸೇರಿದರು ಅಂದಾಗ ಎದೆ ಸ್ವಲ್ಪ ಹಗುರಾಗುತ್ತದೆ. ಅದನ್ನೂ ತೆಗೆದರೆ ಅವರಿಗೆ ಆದ ಅನ್ಯಾಯ ಯಾರೂ ಎಂದಿಗೂ ತುಂಬಿಕೊಡಲಾರದ ಅನ್ಯಾಯವಾಗಿ ಉಳಿಯುತ್ತದೆ. ನನ್ನ ವಾದದಲ್ಲಿ ಇದಕ್ಕೆ ಮದ್ದಿಲ್ಲ. ಮಗುವನ್ನು ಕಳೆದುಕೊಂಡ ತಾಯಿ, ಅದು ದೇವರ ಹತ್ತಿರ ಇದೆ ಅಂದರೆ ನಾನು ಅವಳ ಪಕ್ಕ ಕೂರುತ್ತೇನೆ, ವಾದಕ್ಕೆ ಇಳಿಯುವುದಿಲ್ಲ. ಆದರೆ ಕೂಲಿ ಕೊಡದೆ ದುಡಿಸಿಕೊಂಡವನು "ಮೇಲೆ ಒಬ್ಬ ನೋಡ್ಕೊಳ್ತಾನೆ, ಸುಮ್ಮನಿರು" ಅಂತ ಕೂಲಿಯವನಿಗೆ ಹೇಳಿದರೆ ಅಲ್ಲಿ ವಾದಕ್ಕೆ ಇಳಿಯುತ್ತೇನೆ. ಅವನ ಕೂಲಿ ಅವನು ಬದುಕಿರುವಾಗಲೇ ಕೈಗೆ ಸಿಗಬೇಕು, ಕೊಡಿಸಬೇಕಾದವರು ನಾವು.

ಅಧ್ಯಕ್ಷರದು ಇದರಲ್ಲಿ ಬೇರೆ ಅಭಿಪ್ರಾಯ ಅಂತ ಬರುವಾಗ ಕಾರಿನಲ್ಲೇ ಹೇಳಿದ್ದಾರೆ. ಅದನ್ನು ಕೇಳಲು ನನಗೂ ಆಸೆ ಇದೆ, ಮೈಕು ಅವರಿಗೆ ಬಿಡುತ್ತೇನೆ. ನಮಸ್ಕಾರ.