ಹೂಮಳೆ ಬಂದ ರಾತ್ರಿ, ಗಾಜಿನ ಮೇಲೆ ಮೊಟ್ಟೆ

ನೋಡಿ, ನಮ್ಮ ಮೀನಿನ ಟ್ಯಾಂಕ್‌ನ ಈ ಮೂಲೆ. ಗಾಜಿಗೆ ಅಂಟಿಕೊಂಡಿರುವ ಪುಟ್ಟ ಪುಟ್ಟ ಚುಕ್ಕೆಗಳು ಕಾಣಿಸ್ತಾ ಇವೆಯಾ? ನಾನೂ ಮೊದಲು ಗಾಳಿಯ ಗುಳ್ಳೆ ಅಂದುಕೊಂಡೆ. ಗುಳ್ಳೆಯಾಗಿದ್ದರೆ ತಟ್ಟಿದ ಕೂಡಲೇ ಮೇಲಕ್ಕೆ ಹೋಗಬೇಕು ಅಲ್ವಾ? ಬೆರಳಿನಿಂದ ಗಾಜಿಗೆ ತಟ್ಟಿದೆ. ಒಂದೂ ಅಲುಗಲಿಲ್ಲ. ಆಗ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ನೆನೆಸಿದ ಸಬ್ಬಕ್ಕಿಯ ಬಣ್ಣ. ಮೊಟ್ಟೆ!

ಒಲೆಯ ಮೇಲೆ ಹಾಲು ಇಟ್ಟಿದ್ದೆ. ಅದು ಉಕ್ಕಿ ಹೋಯಿತು. ಇಂಥ ಬೆಳಿಗ್ಗೆ ಹಾಲು ಉಕ್ಕಿದರೆ ಒಳ್ಳೆಯದೇ ಅಂದರು ನಮ್ಮ ಅತ್ತೆ.

ಇದು ಚಿಕ್ಕಮಗಳೂರಿನ ನಮ್ಮ ಮನೆ, ಬಸವನಹಳ್ಳಿ ಕೆರೆಗೆ ಹತ್ತಿರ. ಹಾಲ್‌ನಲ್ಲಿ ಮೂರಡಿ ಉದ್ದದ ಟ್ಯಾಂಕ್. ಒಳಗೆ ಒಂದಿಷ್ಟು ಗಪ್ಪಿಗಳು, ಆರು ಕೋರಿಗಳು. ಕೋರಿ ಅಂದರೆ ಕೋರಿಡೋರಸ್, ಮೀಸೆ ಇರುವ ಪುಟ್ಟ ಮೀನು. ಬೆಳಕು ಬಿದ್ದಾಗ ಇವುಗಳ ಮೈ ಹಳೆ ಕಂಚಿನ ತಂಬಿಗೆಯ ಥರ ಮಿನುಗುತ್ತದೆ, ಹೆಸರೂ ಬ್ರಾಂಜ್ ಕೋರಿ ಅಂತಲೇ. ಎರಡು ವರ್ಷದ ಹಿಂದೆ ತಂದಾಗ ಅಂಗಡಿಯವರು, "ಇವು ತಳದ ಕಸ ತಿನ್ನೋ ಮೀನು ಮೇಡಂ, ಮನೆಯಲ್ಲೆಲ್ಲ ಮರಿ ಮಾಡಲ್ಲ" ಅಂದಿದ್ದರು. ಎರಡೂ ನಿಜವಲ್ಲ. ಇವು ಕಸ ತಿಂದು ಬದುಕುವ ಮೀನಲ್ಲ. ತಳಕ್ಕೆ ಮುಳುಗುವ ಕಾಳನ್ನು ಇವಕ್ಕೆ ಅಂತಲೇ ಹಾಕಬೇಕು. ಇದು ಗೊತ್ತಿಲ್ಲದೆ ಎಷ್ಟೋ ಮನೆಯಲ್ಲಿ ಪಾಪ, ಹಸಿದೇ ಸಾಯುತ್ತವೆ. ಎರಡನೆಯ ಮಾತು ಸುಳ್ಳು ಅಂತ ನನಗೂ ಗೊತ್ತಿರಲಿಲ್ಲ.

ಹಿಂದಿನ ದಿನ ಏನಾಯಿತು ಅಂತ ಹೇಳಬೇಕು. ಮಾರ್ಚ್ ಕೊನೆಯ ವಾರ. ಮಧ್ಯಾಹ್ನದಿಂದಲೇ ಧಗೆ. ಸಂಜೆ ಮುಳ್ಳಯ್ಯನಗಿರಿ ಕಡೆಯಿಂದ ಮೋಡ ಕಪ್ಪಾಗಿ ಬಂತು. ಮೊದಲು ಗಾಳಿ, ಆಮೇಲೆ ಗುಡುಗು, ಆಮೇಲೆ ಕರೆಂಟ್ ಹೋಯಿತು. ನಮ್ಮ ಕಡೆಯವರಿಗೆ ಈ ಕ್ರಮ ಬಾಯಿಪಾಠ. ಒಂದೂವರೆ ಗಂಟೆ ಸುರಿಯಿತು. ವರ್ಷದ ಮೊದಲ ಮಳೆ.

ಇದಕ್ಕೆ ನಮ್ಮಲ್ಲಿ ಹೂಮಳೆ ಅಂತಾರೆ. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ಸುಮ್ನೆ ಕಾದು ಕೂತಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಸಾಕು, ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ನಿಲ್ಲುವ ಮೊದಲೇ ಆಲ್ದೂರಿನ ತೋಟದಿಂದ ಸೋದರಮಾವನ ಫೋನ್ ಬಂತು. "ಒಂದು ಇಂಚು ಇಪ್ಪತ್ತು ಸೆಂಟ್ಸ್ ಕಣೇ! ನಿಮ್ಮ ಕಡೆ ಎಷ್ಟು?" ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. ತೋಟದವರು ಆ ರಾತ್ರಿ ಇದೊಂದೇ ಮಾತಾಡುತ್ತಾರೆ.

ನನ್ನ ಚಿಂತೆ ಬೇರೆಯೇ ಇತ್ತು. ಕರೆಂಟ್ ಇಲ್ಲದೆ ಫಿಲ್ಟರ್ ನಿಂತಿತ್ತು, ಗಾಳಿಯ ಪಂಪ್ ನಿಂತಿತ್ತು. ಕೋರಿಗಳು ಒಂದೊಂದಾಗಿ ಸರ್ರನೆ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಮತ್ತೆ ಕೆಳಗೆ ಹೋಗುತ್ತಿದ್ದವು. ಕೋರಿಗಳಿಗೆ ಆ ಶಕ್ತಿ ಇದೆ. ನುಂಗಿದ ಗಾಳಿಯನ್ನು ಕರುಳಿನಲ್ಲಿ ಹೀರಿಕೊಳ್ಳುತ್ತವೆ. ಆದರೆ ಪದೇ ಪದೇ ಬರುತ್ತಿದ್ದರೆ ನೀರಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು, ಇಲ್ಲವೇ ನೀರು ಕೆಟ್ಟಿರಬಹುದು. ನೀರು ಬದಲಾಯಿಸಬೇಕು, ಆದರೆ ಮೋಟಾರ್ ಹಾಕಲು ಕರೆಂಟ್ ಇಲ್ಲ. ತಾರಸಿಯ ಪೈಪಿನ ಕೆಳಗಿಟ್ಟ ಡ್ರಮ್ ಮಾತ್ರ ತುಂಬಿತ್ತು. ಮೊದಲ ನೀರನ್ನು ಹರಿಯಲು ಬಿಟ್ಟು, ತಾರಸಿ ತೊಳೆದು ಹೋದ ಮೇಲೆ ಹಿಡಿದ ನೀರು ಅದು. ಟಾರ್ಚ್ ಹಿಡಿದುಕೊಂಡು ಟ್ಯಾಂಕ್‌ನ ಮೂರನೇ ಒಂದು ಭಾಗದಷ್ಟು ನೀರು ತೆಗೆದು, ಮಳೆ ನೀರನ್ನು ನಿಧಾನವಾಗಿ ಹಾಕಿದೆ. ಸಂಜೆ 28 ಡಿಗ್ರಿ ಇದ್ದದ್ದು 24ಕ್ಕೆ ಇಳಿಯಿತು. ತಪ್ಪು ಮಾಡಿದೆನಾ ಅಂತ ರಾತ್ರಿ ಎರಡು ಸಲ ಎದ್ದು ನೋಡಿದೆ.

ಬೆಳಿಗ್ಗೆ ಮೊಟ್ಟೆ.

ಮಾವನಿಗೆ ಫೋನ್ ಮಾಡಿ ಹೇಳಿದೆ. ಟ್ಯಾಂಕ್ ಮೀನಿನ ಗಂಧಗಾಳಿ ಇಲ್ಲದ ಮನುಷ್ಯ. ಆದರೆ ಒಂದೇ ಮಾತಲ್ಲಿ ಹೇಳಿಬಿಟ್ಟರು: "ಇನ್ನೇನು ಮಾರಾಯ್ತಿ, ಹೊಸನೀರು ಬಂತು ಅಂತ ಅವಕ್ಕೆ ಗೊತ್ತಾಯ್ತು."

ನನಗೆ ಮೈ ಜುಮ್ ಅಂತು. ಮಲೆನಾಡಿನವರಿಗೆ ಹೊಸನೀರು ಅಂದರೆ ಏನು ಅಂತ ಗೊತ್ತು. ಮುಂಗಾರಿನಲ್ಲಿ ಹಳ್ಳ ಕೆಂಪಾಗಿ ಉಕ್ಕಿದಾಗ ಮೀನು ಮೊಟ್ಟೆ ಇಡಲು ಹರಿವಿಗೆ ಎದುರಾಗಿ ಗದ್ದೆಯ ಕಡೆ ಏರುತ್ತದೆ. ಅದನ್ನೇ ಹತ್ತುಮೀನು ಅನ್ನೋದು. ಚಿಕ್ಕವಳಿದ್ದಾಗ ಮಾವನ ಹಿಂದೆ ಲಾಟೀನು ಹಿಡಿದು ನಾನೂ ಹೋಗಿದ್ದೇನೆ. ಇವು ನಮ್ಮ ಹಳ್ಳದ ಮೀನಲ್ಲ, ದಕ್ಷಿಣ ಅಮೆರಿಕದವು. ಟ್ರಿನಿಡಾಡ್ ದ್ವೀಪದಲ್ಲಿ ಸಿಕ್ಕ ಮೀನು ನೋಡಿ 1858ರಲ್ಲಿ ಗಿಲ್ ಎಂಬ ವಿಜ್ಞಾನಿ ಈ ಜಾತಿಯನ್ನು ಮೊದಲು ವಿವರಿಸಿದ್ದು. ಅಲ್ಲೂ ಬೇಸಿಗೆ ಮುಗಿದು ಮಳೆ ಶುರುವಾದಾಗ ತೊರೆ ತಣ್ಣಗಾಗುತ್ತದೆ, ನೀರು ಏರುತ್ತದೆ, ಮರಿಗಳಿಗೆ ಬೇಕಾದ ಸಣ್ಣ ಹುಳ ಹೆಚ್ಚುತ್ತದೆ. ಕೋರಿ ಸಾಕುವವರು ಬೇಕಂತಲೇ ತಣ್ಣೀರು ಹಾಕಿ ಮಳೆಗಾಲ ಬಂದಂತೆ ಮಾಡುತ್ತಾರೆ. ಮೋಡ ಕವಿದು ಗಾಳಿಯ ಒತ್ತಡ ಇಳಿದರೂ ಅವಕ್ಕೆ ತಿಳಿಯುತ್ತದೆ ಅಂತ ಕೆಲವರು ನಂಬುತ್ತಾರೆ. ನಾನು ಏನೂ ಅಂದುಕೊಳ್ಳದೆ ಹಾಕಿದ ಎರಡು ಬಕೆಟ್ ನೀರು ಅವುಗಳ ಲೆಕ್ಕದಲ್ಲಿ ಮಳೆಗಾಲವಾಗಿತ್ತು. ಆಲ್ದೂರಿನ ಮೊಗ್ಗಿಗೂ ನಮ್ಮ ಹಾಲ್‌ನ ಮೀನಿಗೂ ಒಂದೇ ರಾತ್ರಿ ಒಂದೇ ಮಳೆ ತಾಗಿತು.

ಈಗ ಈ ಕ್ಲಿಪ್ ನೋಡಿ. ಅದೇ ಬೆಳಿಗ್ಗೆ ತೆಗೆದದ್ದು. ದಪ್ಪ ಹೊಟ್ಟೆಯದು ಹೆಣ್ಣು. ಹಿಂದೆ ಬಿದ್ದಿರುವ ಸಪೂರದವು ಎರಡು ಗಂಡು. ಈಗ... ಇಲ್ಲಿ! ಗಂಡು ಅಡ್ಡಲಾಗಿ ನಿಂತಿತು, ಹೆಣ್ಣು ಅದರ ಹೊಟ್ಟೆಗೆ ಬಾಯಿ ಒತ್ತಿತು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಆ ಹೊತ್ತಿನಲ್ಲಿ ಹೆಣ್ಣು ಗಂಡಿನ ವೀರ್ಯವನ್ನು ಬಾಯಲ್ಲಿ ಕುಡಿಯುತ್ತದೆ. ಅದು ಕರುಳಿನ ಮೂಲಕ ಹಾದು, ಕೆಲವೇ ಸೆಕೆಂಡಿನಲ್ಲಿ ಹಿಂದಿನಿಂದ ಹೊರಬಂದು ಮೊಟ್ಟೆಗಳನ್ನು ಸೇರುತ್ತದೆ. 1995ರಲ್ಲಿ ಜಪಾನಿನ ಸಂಶೋಧಕರು ಇದೇ ಜಾತಿಯ ಮೀನಿನಲ್ಲಿ ಇದನ್ನು ತೋರಿಸಿಕೊಟ್ಟರು. ಓದಿದಾಗ ನನಗೆ ನಂಬಲು ಆಗಲೇ ಇಲ್ಲ.

ಇಲ್ಲಿ ವೇಗ ಕಡಿಮೆ ಮಾಡುತ್ತೇನೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆ ನೋಡಿ. ಬೊಗಸೆಯ ಹಾಗೆ ಕೂಡಿಸಿಕೊಂಡಿದೆ. ಒಳಗೆ ನಾಲ್ಕು ಮೊಟ್ಟೆ. ಹಾಗೇ ಹೊತ್ತುಕೊಂಡು ಗಾಜಿನ ಹತ್ತಿರ ಹೋಗುತ್ತದೆ. ಬಾಯಿಂದ ಜಾಗ ಒರೆಸುತ್ತದೆ. ಇಷ್ಟವಾಗಲಿಲ್ಲ, ಪಕ್ಕಕ್ಕೆ ಹೋಯಿತು. ಮತ್ತೆ ಒರೆಸಿತು. ಈಗ ಹೊಟ್ಟೆ ಒತ್ತಿ... ಅಂಟಿಸಿತು. ನಮ್ಮಜ್ಜಿ ಗೋಡೆಗೆ ಬೆರಣಿ ತಟ್ಟುತ್ತಿದ್ದದ್ದೇ ನೆನಪಾಯಿತು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಇದೇ ಕೆಲಸ. ಮಗಳು ಶಾಲೆಗೆ ತಡವಾಗಿ ಹೋದಳು, ನಾನೇ ಕೂರಿಸಿಕೊಂಡೆ.

ಆದರೆ ಇಟ್ಟ ಮೇಲೆ ಕಾಯುವ ಜಾತಿ ಅಲ್ಲ ಇವು. ತಮ್ಮ ಮೊಟ್ಟೆಯನ್ನು ತಾವೇ ತಿನ್ನುತ್ತವೆ. ಗಪ್ಪಿಗಳಂತೂ ಆಗಲೇ ಮುತ್ತಿಕೊಂಡಿದ್ದವು. ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಮೊಟ್ಟೆಯನ್ನು ಮೆಲ್ಲಗೆ ಉರುಳಿಸಿ ಬಿಡಿಸಿದೆ. ಒಂದೆರಡು ಗಂಟೆ ಕಳೆದ ಮೊಟ್ಟೆ ಗಟ್ಟಿಯಾಗಿರುತ್ತದೆ, ಒಡೆಯುವುದಿಲ್ಲ. 83 ಸಿಕ್ಕವು. ಒಂದು ಪ್ಲಾಸ್ಟಿಕ್ ಡಬ್ಬಕ್ಕೆ ಅದೇ ಟ್ಯಾಂಕ್‌ನ ನೀರು ಹಾಕಿ, ಸಣ್ಣಗೆ ಗಾಳಿ ಬಿಟ್ಟೆ. ಮೊಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಒಣಗಿದ ಬಾದಾಮಿ ಎಲೆ ಹಾಕಿದೆ. ಶಾಲೆಗಳ ಅಂಗಳದಲ್ಲಿ ಇರುತ್ತದಲ್ಲ, ಅಗಲ ಎಲೆಯ ಮರ, ಅದರದ್ದು. ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ಬಂತು. ಹಾಗೆ ಬಂದರೆ ಒಳ್ಳೆಯದು.

ಎರಡನೇ ರಾತ್ರಿ ಮತ್ತೆ ಕರೆಂಟ್ ಹೋಯಿತು. ಬ್ಯಾಟರಿ ಪಂಪ್ ಇರಲಿಲ್ಲ. ನಾನೂ ಅತ್ತೆಯೂ ಸರದಿಯಲ್ಲಿ ಕೂತು, ಮಗಳ ಔಷಧಿ ಡ್ರಾಪರ್‌ನಿಂದ ಮೊಟ್ಟೆಯ ಮೇಲೆ ನೀರು ಆಡಿಸುತ್ತಿದ್ದೆವು. "ಬಾಣಂತಿ ಕೋಣೆ ಥರ ಆಯ್ತಲ್ಲೇ" ಅಂದರು ಅತ್ತೆ. ಮೂರು ಗಂಟೆಗೆ ಕರೆಂಟ್ ಬಂತು. ಅತ್ತೆಗೆ ಎಪ್ಪತ್ತೊಂದು ವರ್ಷ. ಮಲಗಿ ಅಂದರೂ ಏಳಲಿಲ್ಲ.

ಜೀವ ಇರುವ ಮೊಟ್ಟೆ ದಿನದಿಂದ ದಿನಕ್ಕೆ ಕಂದು ಆಗುತ್ತದೆ. ಇಲ್ಲದ್ದು ಬೆಳ್ಳಗಾಗಿ ಹತ್ತಿಯ ಹಾಗೆ ಬೂಷ್ಟು ಬರುತ್ತದೆ. ಬಿಳಿಯದನ್ನು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಪಕ್ಕದ್ದಕ್ಕೂ ಹರಡುತ್ತದೆ. ಹಾಗೆ ಮೂವತ್ತಕ್ಕಿಂತ ಜಾಸ್ತಿ ಹೋದವು. ನಾಲ್ಕನೇ ದಿನ ಮಧ್ಯಾಹ್ನ ಮೊದಲ ಮರಿ. ಜೀರಿಗೆ ಕಾಳಿಗೆ ಬಾಲ ಬಂದ ಹಾಗಿತ್ತು. ಹೊಟ್ಟೆಯ ಕೆಳಗೆ ಹಳದಿ ಚೀಲ. ಎರಡು ಮೂರು ದಿನ ಅದೇ ಊಟ, ಹೊರಗಿನದ್ದೇನೂ ಬೇಡ. ಸಂಜೆಯ ಹೊತ್ತಿಗೆ 44.

ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ಈಗಲೂ ಕಷ್ಟ. ಚೀಲ ಕರಗಿದ ಮೇಲೆ ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ನೀರಲ್ಲಿ ಕದಡಿ ಹಾಕಿದೆ. ಒಂದು ಹನಿ ಸಾಕಿತ್ತು. ಹಸಿದಿರುತ್ತವೆ ಅಂತ ಜಾಸ್ತಿ ಹಾಕಿಬಿಟ್ಟೆ. ಬೆಳಿಗ್ಗೆ ನೀರು ಹಾಲಿನಂತೆ ಕದಡಿ ವಾಸನೆ ಬರುತ್ತಿತ್ತು. ಒಂದೇ ರಾತ್ರಿಗೆ ಇಪ್ಪತ್ತೈದು ಮರಿ ಸತ್ತವು. ಮಗಳು ಏನೂ ಕೇಳಲಿಲ್ಲ. ಸುಮ್ನೆ ನನ್ನ ಪಕ್ಕ ಬಂದು ನಿಂತಳು. ಯಾರಾದರೂ ಮೊದಲ ಸಲ ಮರಿ ಸಾಕುತ್ತಿದ್ದರೆ ದಯವಿಟ್ಟು ಇದೊಂದು ನೆನಪಿಡಿ. ಸ್ವಲ್ಪವೇ ಹಾಕಿ, ಉಳಿದದ್ದನ್ನು ಡ್ರಾಪರ್‌ನಿಂದ ತೆಗೆಯಿರಿ, ದಿನಾ ನೀರು ಬದಲಾಯಿಸಿ. ಆಮೇಲೆ ನಾನು ಟ್ಯಾಂಕ್‌ನ ಪಾಚಿಯನ್ನು ಹಿಂಡಿ ಆ ನೀರು ಹಾಕಿದೆ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೇಕಾದಷ್ಟು ಇರುತ್ತವೆ. ಒಂದು ವಾರ ಕಳೆದ ಮೇಲೆ ಆರ್ಟೀಮಿಯಾ, ಅಂದರೆ ಉಪ್ಪುನೀರಲ್ಲಿ ಮೊಟ್ಟೆಯೊಡೆಸಿದ, ಸೀಗಡಿಯಂಥ ಪುಟ್ಟ ಜೀವಿ. ಅದನ್ನು ತಿಂದ ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊರಗಿನಿಂದಲೇ ಕಾಣುತ್ತಿತ್ತು.

ಪಕ್ಕದ ಮನೆಯವರು ಕೇಳಿದರು, ಜಾಸ್ತಿಯಾದರೆ ಬಸವನಹಳ್ಳಿ ಕೆರೆಗೆ ಬಿಡ್ತೀರಾ ಅಂತ. ಇಲ್ಲ, ಒಂದನ್ನೂ ಬಿಡಲ್ಲ. ಆಫ್ರಿಕನ್ ಕ್ಯಾಟ್‌ಫಿಶ್‌ನಂಥ ಹೊರಗಿನ ಮೀನು ನಮ್ಮ ಕೆರೆಗಳಿಗೆ ಸೇರಿ ಊರಿನ ಮೀನಿಗೆ ಏನು ಮಾಡಿದೆ ಅಂತ ನೋಡಿದ್ದೇವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕಿದವರು ನಾವು. ಆ ನೀರು ಆ ಮೀನುಗಳದ್ದು. ನನ್ನ ಮರಿಗಳು ಸಾಕುವವರ ಮನೆಗಷ್ಟೇ ಹೋಗುತ್ತವೆ.

ಇವತ್ತು ಮೇ ತಿಂಗಳ ಕೊನೆ. ಇದೋ, 19 ಮರಿ. ಒಂದೂವರೆ ಸೆಂಟಿಮೀಟರ್ ಇವೆ. ಹತ್ತಿರದಿಂದ ನೋಡಿ, ಮೀಸೆ ಬಂದಿದೆ. ಮರಳಲ್ಲಿ ಮೂಗು ತೂರಿಸಿ ಥೇಟ್ ದೊಡ್ಡವರ ಹಾಗೇ ಹುಡುಕುತ್ತವೆ. ಬೆನ್ನಿನ ರೆಕ್ಕೆಯ ಮೇಲೆ ಒಂದು ಕಪ್ಪು ಚುಕ್ಕೆ. ಮಗಳು ಎಲ್ಲಕ್ಕೂ ಕಾಫಿ ಅಂತಲೇ ಹೆಸರಿಟ್ಟಿದ್ದಾಳೆ. ಕಾಫಿ ಒಂದು, ಕಾಫಿ ಎರಡು, ಹೀಗೆ ಹತ್ತೊಂಬತ್ತರವರೆಗೆ. ಆಲ್ದೂರಿನ ತೋಟದಲ್ಲಿ ಕಾಯಿ ಕಚ್ಚಿದೆ.

ನಿನ್ನೆ ರಾತ್ರಿ ಮಾವ ಮತ್ತೆ ಫೋನ್ ಮಾಡಿದ್ದರು. ಮುಂಗಾರು ಹತ್ತಿರ ಬಂತು, ಹಳ್ಳದಲ್ಲಿ ನೀರಿನ ಬಣ್ಣ ಬದಲಾಗುತ್ತಿದೆ ಅಂದರು. ಬೆಳಿಗ್ಗೆ ಎದ್ದು ಟ್ಯಾಂಕ್‌ನ ಲೈಟ್ ಹಾಕಿದೆ. ಕ್ಯಾಮೆರಾ ಇಟ್ಟದ್ದು ಆಗಲೇ. ಹೊರಗೆ ಮೋಡ. ದೊಡ್ಡ ಹೆಣ್ಣು ಮೀನು ಅದೇ ಮೂಲೆಯ ಗಾಜನ್ನು ಬಾಯಿಂದ ಒರೆಸುತ್ತಿದೆ, ನೋಡಿ.